ಐವತ್ತು ತುಂಬಿದ ದಿನವೇ ಮುಗಿದಿದ್ದ ಲೈಸೆನ್ಸ್: ನಮ್ಮ ಮನೆಯ ಒಂದು ಪ್ರಕರಣ

2024ರ ಮಾರ್ಚ್ ತಿಂಗಳ ಒಂದು ಸಂಜೆ. ನನ್ನ ಸೋದರಮಾವ ಬನಶಂಕರಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಕೆಂಗೇರಿ ಉಪನಗರದ ಮನೆಗೆ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ಮುಂದಿದ್ದ ಟೆಂಪೋ ದಿಢೀರನೆ ನಿಂತಿತು. ಮಾವ ಬ್ರೇಕ್ ಒತ್ತುವಷ್ಟರಲ್ಲಿ ಕಾರಿನ ಮೂತಿ ಟೆಂಪೋದ ಹಿಂಭಾಗಕ್ಕೆ ಬಡಿದಿತ್ತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಟೆಂಪೋದವರು ಇಳಿದು ನೋಡಿ, ತಮ್ಮ ಗಾಡಿಗೆ ಏನೂ ಆಗಿಲ್ಲ ಅಂತ ಹೊರಟುಹೋದರು. ಮಾವನ ಕಾರಿನ ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್ ಹೋಗಿತ್ತು. ಗ್ಯಾರೇಜಿನವರು 46,000 ರೂಪಾಯಿ ಎಸ್ಟಿಮೇಟ್ ಕೊಟ್ಟರು.

ಫುಲ್ ಇನ್ಶೂರೆನ್ಸ್ ಇತ್ತು. ಪ್ರತಿ ವರ್ಷ ಒಂದು ದಿನವೂ ತಪ್ಪದ ಹಾಗೆ ಕಟ್ಟುತ್ತಿದ್ದರು. ಹಾಗಾಗಿ ಯಾರಿಗೂ ಚಿಂತೆ ಇರಲಿಲ್ಲ. ಸರ್ವೇಯರ್ ಬಂದರು, ಫೋಟೋ ತೆಗೆದರು, ಆರ್‌ಸಿ ಕೇಳಿದರು, ಆಮೇಲೆ ಲೈಸೆನ್ಸ್ ಕೇಳಿದರು. ಮಾವ ಪರ್ಸಿನಿಂದ ತಮ್ಮ ಹಳೇ ಲ್ಯಾಮಿನೇಟೆಡ್ ಲೈಸೆನ್ಸ್ ತೆಗೆದುಕೊಟ್ಟರು. ಅದರ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಸರ್ವೇಯರ್ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, "ಸರ್, ಇದು ಮುಗಿದು ಒಂದೂವರೆ ವರ್ಷದ ಮೇಲಾಗಿದೆ" ಅಂದರು.

ಮಾವ ನಂಬಲಿಲ್ಲ. "ಇಲ್ಲಪ್ಪ, 2004ರ ಜೂನ್‌ನಲ್ಲಿ ಮಾಡಿಸಿದ್ದು. ಇಪ್ಪತ್ತು ವರ್ಷ ಇರುತ್ತೆ. ಇನ್ನೂ ಮೂರು ತಿಂಗಳು ಟೈಮ್ ಇದೆ" ಅಂದರಂತೆ. ಆ ರಾತ್ರಿ ನನಗೆ ಫೋನ್ ಮಾಡಿ ಕೇಳಿದ್ದೂ ಅದನ್ನೇ. "ಪುಟ್ಟಿ, ಲೈಸೆನ್ಸು ಇಪ್ಪತ್ತು ವರ್ಷ ಅಲ್ವೇನೇ?"

ಇಪ್ಪತ್ತು ವರ್ಷ ಅನ್ನುವುದು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ ಹೋಗಿದ್ದಕ್ಕೆ ನಮ್ಮ ಮಾವನಿಗೆ ನಾಲ್ಕು ತಿಂಗಳ ಓಡಾಟ ಬಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿಡುತ್ತಿದ್ದೇನೆ. 2000ದ ಆಸುಪಾಸಿನಲ್ಲಿ, ತಮ್ಮ ಮೂವತ್ತರ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡವರೆಲ್ಲ ಈಗ ಐವತ್ತು ದಾಟುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಮಾವನ ಹಾಗೆಯೇ ಬೆರಳು ಮಡಿಸಿ ಇಪ್ಪತ್ತು ಎಣಿಸುತ್ತಿರುತ್ತಾರೆ.

ಲೆಕ್ಕ ತಪ್ಪಿದ್ದು ಎಲ್ಲಿ

ಮೋಟಾರು ವಾಹನ ಕಾಯ್ದೆ 1988ರದು. ಲೈಸೆನ್ಸ್ ಎಷ್ಟು ದಿನ ನಡೆಯುತ್ತದೆ ಅನ್ನುವುದು ಅದರ 14ನೇ ಸೆಕ್ಷನ್‌ನಲ್ಲಿದೆ. ಮಾವ ಲೈಸೆನ್ಸ್ ಮಾಡಿಸಿದಾಗ ಇದ್ದ ನಿಯಮ ಹೀಗಿತ್ತು: ಸ್ವಂತ ಗಾಡಿಯ ಲೈಸೆನ್ಸ್ 20 ವರ್ಷ ನಡೆಯುತ್ತದೆ, ಅಥವಾ ಆ ವ್ಯಕ್ತಿಗೆ 50 ವರ್ಷ ತುಂಬುವವರೆಗೆ ನಡೆಯುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಮಾವ ಹುಟ್ಟಿದ್ದು 1972ರ ಆಗಸ್ಟ್‌ನಲ್ಲಿ. 20 ವರ್ಷದ ಲೆಕ್ಕ ಹಿಡಿದರೆ 2024ರ ಜೂನ್. 50 ವಯಸ್ಸಿನ ಲೆಕ್ಕ ಹಿಡಿದರೆ 2022ರ ಆಗಸ್ಟ್. ಮೊದಲು ಬಂದಿದ್ದು ಎರಡನೆಯದು. ಅಂದರೆ ಮನೆಯಲ್ಲಿ ನಾವೆಲ್ಲ ಸೇರಿ ಅವರ ಐವತ್ತನೇ ಹುಟ್ಟುಹಬ್ಬಕ್ಕೆ ಒಬ್ಬಟ್ಟಿನ ಊಟ ಮಾಡಿದೆವಲ್ಲ, ಲೈಸೆನ್ಸ್ ಮುಗಿದಿದ್ದು ಅದೇ ದಿನ.

ಲೈಸೆನ್ಸಿನ ಮೇಲೆ ದಿನಾಂಕ ಅಚ್ಚಾಗಿತ್ತು. ಅದು ಮಸುಕಾಗಿತ್ತು ನಿಜ. ಆದರೆ ಇಪ್ಪತ್ತು ವರ್ಷ ಅಂತ ಮನಸ್ಸಿನಲ್ಲಿ ಕೂತಿದ್ದರಿಂದ ಅದನ್ನು ಓದಬೇಕು ಅಂತ ಅವರಿಗೆ ಅನಿಸಿರಲೇ ಇಲ್ಲ.

ಮಾವ ಇನ್ನೂ ಒಂದು ಆಸೆ ಇಟ್ಟುಕೊಂಡಿದ್ದರು. "ಕೊರೊನಾ ಟೈಮಲ್ಲಿ ಎಲ್ಲರಿಗೂ ಮುಂದಕ್ಕೆ ಹಾಕಿದ್ರಲ್ಲ, ಅದು ನಮಗೂ ಬರಲ್ವಾ?" ಬರುವುದಿಲ್ಲ. 2020ರ ಫೆಬ್ರವರಿಯಿಂದ ಮುಗಿಯುತ್ತಾ ಬಂದ ಲೈಸೆನ್ಸುಗಳನ್ನು ಹಲವು ಸಲ ಮುಂದಕ್ಕೆ ಹಾಕಿ, ಕೊನೆಗೆ 2021ರ ಅಕ್ಟೋಬರ್ 31ಕ್ಕೆ ನಿಲ್ಲಿಸಿದರು. ಮಾವನದು ಮುಗಿದಿದ್ದು ಅದಾದ ಹತ್ತು ತಿಂಗಳಿಗೆ.

ಮೂವತ್ತು ದಿನದ ರಿಯಾಯಿತಿ ಅಂತ ಹಿಂದೆ ಒಂದಿತ್ತು. ಲೈಸೆನ್ಸ್ ಮುಗಿದ ಮೇಲೂ ಒಂದು ತಿಂಗಳು ಅದು ಚಾಲ್ತಿಯಲ್ಲಿದೆ ಅಂತಲೇ ಲೆಕ್ಕ. 2019ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದುಹಾಕಿದರು. ಈಗ ದಿನಾಂಕ ದಾಟಿದ ಮರುದಿನ ಗಾಡಿ ಓಡಿಸಿದರೂ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ.

ಕಾರು ಅತ್ತೆ ಹೆಸರಲ್ಲಿತ್ತು

ಕ್ಲೇಮ್ ತಿರಸ್ಕಾರ ಆಯಿತು. ಮೊದಲು ನನಗೆ ಸಿಟ್ಟು ಬಂತು. ಇಷ್ಟು ವರ್ಷ ದುಡ್ಡು ಕಟ್ಟಿಸಿಕೊಂಡು ಹೀಗೆ ಮಾಡುತ್ತಾರಲ್ಲ ಅನ್ನಿಸಿತು. ಆಮೇಲೆ ಪಾಲಿಸಿಯ ಪುಟಗಳನ್ನು ಕೂತು ಓದಿದೆ. ಗಾಡಿ ಓಡಿಸುವವರ ಹತ್ತಿರ ಅಪಘಾತದ ಸಮಯದಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಕಂಪನಿಯವರು ಹೇಳಿದ್ದು ಸರಿಯೇ ಇತ್ತು. ಜಗಳ ಬೇಡ ಅಂತ ನಾನೇ ಮಾವನಿಗೆ ಹೇಳಿದೆ. 46,000 ಕೈಯಿಂದ ಹೋಯಿತು.

ಆದರೆ ನಿಜವಾಗಿ ನನ್ನ ಎದೆ ಧಸಕ್ಕೆಂದಿದ್ದು ಬೇರೆ ವಿಷಯಕ್ಕೆ. ಆ ಕಾರಿನ ಆರ್‌ಸಿ ಅತ್ತೆಯ ಹೆಸರಲ್ಲಿದೆ. ಲೈಸೆನ್ಸ್ ಇಲ್ಲದೆ ಓಡಿಸಿದವರಿಗೆ 181ನೇ ಸೆಕ್ಷನ್‌ನಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಂಥವರಿಗೆ ಗಾಡಿ ಕೊಟ್ಟ ಮಾಲೀಕರಿಗೂ 180ನೇ ಸೆಕ್ಷನ್‌ನಲ್ಲಿ ಅಷ್ಟೇ ಶಿಕ್ಷೆ ಇದೆ. ಇದು ಸಣ್ಣ ವಿಷಯ ಅಂತಲೇ ಇಟ್ಟುಕೊಳ್ಳೋಣ. ಟೆಂಪೋ ಇದ್ದ ಜಾಗದಲ್ಲಿ ಒಂದು ಸ್ಕೂಟರ್ ಇದ್ದಿದ್ದರೆ? ಅದರಲ್ಲಿ ಇಬ್ಬರು ಕೂತಿದ್ದರೆ?

ಲೈಸೆನ್ಸ್ ಇಲ್ಲದವರು ಅಪಘಾತ ಮಾಡಿದಾಗ ಪರಿಹಾರ ಯಾರು ಕೊಡಬೇಕು ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪು ಇದರಲ್ಲಿ ಮುಖ್ಯವಾದದ್ದು. ಪೆಟ್ಟು ತಿಂದವರಿಗೆ ಮೊದಲು ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡಲಿ, ಆಮೇಲೆ ಅದನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಅಪಘಾತ ಪರಿಹಾರದ ನ್ಯಾಯಮಂಡಳಿ ಆದೇಶ ಮಾಡಬಹುದು. ಮಾಲೀಕರ ಕಡೆಯಿಂದ ತಪ್ಪಾಗಿದೆ ಅಂತ ಕಂಪನಿ ಸಾಬೀತು ಮಾಡಬೇಕು, ಅದು ನಿಜ. ಆದರೆ ಸಾಬೀತಾದರೆ ಆ ಲಕ್ಷಾಂತರ ರೂಪಾಯಿ ಬರಬೇಕಾಗಿದ್ದು ನಮ್ಮ ಅತ್ತೆಯ ಕಡೆಯಿಂದ. ಅವರಿಗೆ ಸೈಕಲ್ ಕೂಡ ಬರುವುದಿಲ್ಲ. "ಕಾರು ನನ್ನ ಹೆಸರಲ್ಲಿ ತಗೊಂಡ್ರು ಅಂತ ಖುಷಿಪಟ್ಟಿದ್ದೆ ಕಣೇ" ಅಂದರು ಅತ್ತೆ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮರುದಿನದಿಂದ ಮಾವ ಕಾರಿನ ಕೀಲಿ, ಸ್ಕೂಟರಿನ ಕೀಲಿ ಎರಡನ್ನೂ ಅತ್ತೆಯ ಕೈಗೆ ಕೊಟ್ಟುಬಿಟ್ಟರು. ಚಿಕ್ಕಪೇಟೆಯ ಕೆಲಸಕ್ಕೆ ಕೆಂಗೇರಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಹೋಗಲು ಶುರು ಮಾಡಿದರು. ನನಗೆ ಅವರ ಮೇಲೆ ತುಂಬಾ ಗೌರವ ಮೂಡಿದ್ದು ಆಗ. ಸುಮ್ನೆ ಇನ್ನು ಸ್ವಲ್ಪ ದಿನ ಓಡಿಸಿಕೊಂಡಿರೋಣ ಅಂತ ಅವರು ಒಮ್ಮೆಯೂ ಹೇಳಲಿಲ್ಲ.

ಒಂದು ವರ್ಷದ ಗೆರೆ

ಲೈಸೆನ್ಸ್ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಮೇಲೆ ಒಂದು ವರ್ಷದವರೆಗೆ ರಿನ್ಯೂವಲ್ ಸುಲಭ. ಟೆಸ್ಟ್ ಕೊಡಬೇಕಾಗಿಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 18 ಸೇವೆಗಳನ್ನು ಆಧಾರ್ ಮೂಲಕ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು ಅಂತ ಆದೇಶ ಮಾಡಿತು. ಟೆಸ್ಟ್ ಬೇಡದ ರಿನ್ಯೂವಲ್ ಅದರಲ್ಲಿ ಒಂದು. ಆದರೆ ಒಂದು ವರ್ಷ ದಾಟಿತೋ, 15ನೇ ಸೆಕ್ಷನ್ ಪ್ರಕಾರ ಮತ್ತೆ ಗಾಡಿ ಓಡಿಸಿ ತೋರಿಸಿ ಪಾಸಾಗಬೇಕು. 2019ಕ್ಕೆ ಮೊದಲು ಈ ಗಡುವು ಐದು ವರ್ಷ ಇತ್ತು. ಅದನ್ನು ಒಂದಕ್ಕೆ ಇಳಿಸಿದ್ದು ಹೆಚ್ಚು ಜನರಿಗೆ ಗೊತ್ತಿಲ್ಲ. ಮಾವನದು ಒಂದು ವರ್ಷ ಏಳು ತಿಂಗಳಾಗಿತ್ತು. 2023ರ ಆಗಸ್ಟ್ ಒಳಗೆ ನೋಡಿಕೊಂಡಿದ್ದರೆ ಇದೆಲ್ಲ ಇರುತ್ತಿರಲಿಲ್ಲ.

ಒಬ್ಬ ಏಜೆಂಟ್ 9,000 ಕೇಳಿದರು. "ಟೆಸ್ಟಿಗೆ ನೀವು ಸುಮ್ನೆ ಬಂದು ನಿಂತ್ಕೊಳ್ಳಿ ಸಾಕು" ಅಂದರು. ಮಾವ ನನ್ನ ಮುಖ ನೋಡಿದರು. ನಾವೇ ಮಾಡೋಣ ಮಾವ ಅಂದೆ.

ಹಳೇ ದಾಖಲೆ ಹುಡುಕಿದ್ದು

ಸಾರಥಿ ಅನ್ನುವುದು ಲೈಸೆನ್ಸುಗಳ ದೇಶದ ಆನ್‌ಲೈನ್ ವ್ಯವಸ್ಥೆ. ಅದರಲ್ಲಿ ಮಾವನ ಲೈಸೆನ್ಸ್ ನಂಬರ್ ಹಾಕಿದರೆ ಯಾವ ದಾಖಲೆಯೂ ಸಿಗಲಿಲ್ಲ. ಈಗಿನ ನಂಬರಿನಲ್ಲಿ ಕೆಎ ಆದ ಮೇಲೆ ಎರಡಂಕಿಯ ಕಚೇರಿ ಸಂಖ್ಯೆ, ಆಮೇಲೆ ನಾಲ್ಕಂಕಿಯ ಇಸವಿ, ಆಮೇಲೆ ಏಳು ಅಂಕಿ ಇರುತ್ತವೆ. ಮಾವನ ಹಳೇ ಲೈಸೆನ್ಸಿನಲ್ಲಿ ಒಂದು ಸಂಖ್ಯೆ, ಒಂದು ಅಡ್ಡಗೆರೆ, ಆಮೇಲೆ ಇಸವಿ ಅಷ್ಟೇ ಇತ್ತು. ಅದು ಕಂಪ್ಯೂಟರಿಗೆ ಏರಿಯೇ ಇರಲಿಲ್ಲ. ಲೈಸೆನ್ಸ್ ಕೊಟ್ಟ ಕಚೇರಿಯಲ್ಲೇ ಹಳೇ ರಿಜಿಸ್ಟರ್ ನೋಡಿ ಏರಿಸಬೇಕು. ಇದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ.

ಮಾವ ಆ ಕಚೇರಿಗೆ ಮೂರು ಸಲ ಹೋದರು. ಮೊದಲ ಸಲ ಒರಿಜಿನಲ್ ಲೈಸೆನ್ಸ್ ಬೇಕು ಅಂದರು, ಮಾವ ಜೆರಾಕ್ಸ್ ಮಾತ್ರ ಒಯ್ದಿದ್ದರು. ಎರಡನೇ ಸಲ ರಿಜಿಸ್ಟರ್ ಸಿಕ್ಕಿತು. ಮೂರನೇ ಸಲ ಎಂಟ್ರಿ ಆಯಿತು. ಆ ದಿನ ನಾನೂ ಜೊತೆಗಿದ್ದೆ. ಪರದೆಯ ಮೇಲೆ ಕಾರು ಮಾತ್ರ ಕಾಣಿಸುತ್ತಿತ್ತು, ಸ್ಕೂಟರ್ ಬಿಟ್ಟುಹೋಗಿತ್ತು. ಅಲ್ಲೇ ಹೇಳಿದ್ದಕ್ಕೆ ಅವರು ಅಲ್ಲೇ ಸರಿ ಮಾಡಿಕೊಟ್ಟರು. ಅಲ್ಲಿಂದ ಎದ್ದು ಬರುವ ಮೊದಲು ಪರದೆಯನ್ನು ನಮ್ಮ ಕಣ್ಣಿಂದಲೇ ಓದಬೇಕು. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ಯಾವ ಯಾವ ಗಾಡಿ, ಪ್ರತಿಯೊಂದನ್ನೂ ನೋಡಿಕೊಳ್ಳಬೇಕು.

ಹೆಸರಿನಲ್ಲೂ ತೊಡಕಿತ್ತು. ಲೈಸೆನ್ಸಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅವರ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ. ನಮ್ಮ ಕಡೆ ಅರ್ಧ ಜನರ ಹೆಸರು ಹೀಗೇ ತಾನೇ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಟ್ಟು, ಎರಡೂ ಒಬ್ಬರೇ ಅಂತ ತೋರಿಸಬೇಕಾಯಿತು.

ಇನ್ನು ಮೊಬೈಲ್ ನಂಬರ್. ಈಗ ಪ್ರತಿ ಹೆಜ್ಜೆಗೂ ಓಟಿಪಿ ಬೇಕು. ದಾಖಲೆಯಲ್ಲಿ ಬೇರೆಯವರ ನಂಬರ್ ಇದ್ದರೆ ಓಟಿಪಿ ಅವರಿಗೇ ಹೋಗುತ್ತದೆ. ಡ್ರೈವಿಂಗ್ ಸ್ಕೂಲಿನವರು ಅರ್ಜಿ ತುಂಬುವಾಗ ತಮ್ಮದೇ ನಂಬರ್ ಹಾಕುವುದು ಉಂಟು. ನನ್ನ ಲೈಸೆನ್ಸಿಗೇ ಹಾಗಾಗಿತ್ತು ಅಂತ ಮಾವನ ಕೆಲಸ ಮಾಡಿಸುವಾಗಲೇ ನನಗೆ ಗೊತ್ತಾಯಿತು. ಸಾರಥಿಯಲ್ಲೇ ನಂಬರ್ ಬದಲಾಯಿಸಬಹುದು. ಅಂದೇ ಬದಲಾಯಿಸಿಕೊಂಡೆ.

ಡಾಕ್ಟರ ಹತ್ತಿರ

ನಲವತ್ತು ದಾಟಿದವರಿಗೆ ಫಾರಂ 1ಎ ಬೇಕು, ಅಂದರೆ ಡಾಕ್ಟರ್ ಸಹಿ ಮಾಡಿದ ಮೆಡಿಕಲ್ ಸರ್ಟಿಫಿಕೇಟ್. ಎಷ್ಟೋ ಕಡೆ ಇದು ಬರೀ ಸಹಿಯ ಕೆಲಸ ಆಗಿಬಿಡುತ್ತದೆ. ನಮ್ಮ ಏರಿಯಾದ ಡಾಕ್ಟರ್ ಹಾಗೆ ಮಾಡಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದಾ ಅಂತ ಆ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಡಾಕ್ಟರ್ ಮಾವನನ್ನು ಕ್ಲಿನಿಕ್ಕಿನ ಬಾಗಿಲಿಗೆ ಕರೆದುಕೊಂಡು ಬಂದು, ರಸ್ತೆಯ ಆಚೆ ನಿಂತಿದ್ದ ಕಾರು ತೋರಿಸಿ ಓದಿ ಅಂದರು. ಮಾವ ಕಣ್ಣು ಕಿರಿದು ಮಾಡಿದರು. ಕೊನೆಯ ಎರಡಂಕಿ ತಪ್ಪು ಓದಿದರು.

ಅವರ ಹತ್ತಿರ ಇದ್ದಿದ್ದು ಪೇಪರ್ ಓದುವ ಕನ್ನಡಕ ಮಾತ್ರ. ದೂರದ ದೃಷ್ಟಿಯೂ ಕಮ್ಮಿಯಾಗಿದೆ ಅಂತ ಅವತ್ತೇ ಗೊತ್ತಾಗಿದ್ದು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕ ಮಾಡಿಸಿಕೊಂಡು, ವಾಪಸ್ ಬಂದು ಓದಿದ ಮೇಲೆ ಫಾರಂಗೆ ಸಹಿ ಬಿತ್ತು. ಮಾರ್ಚ್ ಸಂಜೆ ಆ ಟೆಂಪೋದ ಬ್ರೇಕ್ ಲೈಟ್ ಅವರಿಗೆ ತಡವಾಗಿ ಕಂಡಿದ್ದು ಇದಕ್ಕೇ ಇರಬಹುದಾ? ಮಾವನೇ ಈ ಪ್ರಶ್ನೆ ಕೇಳಿದರು. ಐವತ್ತಕ್ಕೆ ಒಂದು ಸಲ ನಿಲ್ಲಿಸಿ ಕಣ್ಣು ನೋಡುವ ನಿಯಮ ಸರಿಯಾಗಿದೆ ಅಂತ ನನಗೆ ಮನಸಾರೆ ಒಪ್ಪಿಗೆಯಾಗಿದ್ದು ಅಲ್ಲೇ.

ಎಲ್ ಬೋರ್ಡು

ನಮ್ಮ ಪ್ರಕರಣದಲ್ಲಿ ಟೆಸ್ಟಿಗೆ ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಬೇಕಾಯಿತು. ಹೇಗೂ ಬೇಕೇ ಬೇಕಿತ್ತು ಅನ್ನಿ. ಹಳೇ ಲೈಸೆನ್ಸ್ ಸತ್ತ ಮೇಲೆ ಪ್ರಾಕ್ಟೀಸಿಗೆ ಅಂತ ರಸ್ತೆಗೆ ಇಳಿಯಲೂ ಹಕ್ಕಿಲ್ಲ. ಒಂದು ಥರದ ಗಾಡಿಗೆ 150 ರೂಪಾಯಿ ಶುಲ್ಕ. ಕಾರು, ಸ್ಕೂಟರ್ ಎರಡಕ್ಕೂ ಅರ್ಜಿ ಹಾಕಿದೆವು. ಆಧಾರ್ ಇದ್ದದ್ದರಿಂದ ಪರೀಕ್ಷೆ ಮನೆಯಲ್ಲೇ, ನನ್ನ ಲ್ಯಾಪ್‌ಟಾಪಿನಲ್ಲಿ.

ಮಾವ ಒಂದು ವಾರ ಮಗ್ಗಿ ಬಾಯಿಪಾಠ ಮಾಡುವ ಹಾಗೆ ಚಿಹ್ನೆಗಳನ್ನು ಓದಿದರು. ಕೆಂಪು ವೃತ್ತದಲ್ಲಿ ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ಮಾಡಬಾರದು. ಎರಡು ಗೆರೆ ಅಡ್ಡಡ್ಡ ಇದ್ದರೆ ನಿಲ್ಲಿಸಲೇಬಾರದು, ಯಾರನ್ನಾದರೂ ಇಳಿಸುವುದಕ್ಕೂ ಇಲ್ಲ. ಇಷ್ಟು ವರ್ಷ ಎರಡೂ ಒಂದೇ ಅಂದುಕೊಂಡಿದ್ದರಂತೆ. ಪರೀಕ್ಷೆ ಪಾಸಾಯಿತು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಆದರೆ 30 ದಿನ ಆಗುವವರೆಗೆ ಟೆಸ್ಟ್ ಕೊಡುವ ಹಾಗಿಲ್ಲ. ಆ ಮೂವತ್ತು ದಿನ ಕಾರಿನ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಪಕ್ಕದಲ್ಲಿ ಚಾಲ್ತಿ ಲೈಸೆನ್ಸ್ ಇರುವವರು ಕೂತಿರಬೇಕು. ಪಕ್ಕದಲ್ಲಿ ಕೂತಿದ್ದು ನಾನು.

ನನಗೆ ಕಾರು ಕಲಿಸಿದ್ದು ಇದೇ ಮಾವ. ಆಗ ನನಗೆ ಹತ್ತೊಂಬತ್ತು. ಕ್ಲಚ್ ಬಿಡುವಾಗ ಕಾರು ಜಿಗಿದು ಆಫ್ ಆದಾಗಲೆಲ್ಲ "ನಿಧಾನ ಪುಟ್ಟಿ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಅನ್ನುತ್ತಿದ್ದರು. ಈಗ ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಹೋಗುತ್ತಿದ್ದೆವು. ಇನ್ನೂ ಮನೆಗಳು ಏಳದ ಅಗಲ ರಸ್ತೆಗಳು, ಜನವೂ ಇಲ್ಲ, ಗಾಡಿಯೂ ಇಲ್ಲ. ಇಟ್ಟಿಗೆ ಜೋಡಿಸಿ ಗುರುತು ಮಾಡಿ ರಿವರ್ಸ್ ತೆಗೆಯುವುದನ್ನು ಅಭ್ಯಾಸ ಮಾಡಿಸಿದೆ. ಇಪ್ಪತ್ತು ವರ್ಷ ಓಡಿಸಿದವರಿಗೆ ಕೆಲವು ಅಭ್ಯಾಸ ಗಟ್ಟಿಯಾಗಿ ಕೂತಿರುತ್ತವೆ. ಮಾವ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹಿಂದೆ ತಿರುಗಿ ನೋಡುತ್ತಾ ರಿವರ್ಸ್ ತೆಗೆಯುತ್ತಿದ್ದರು. ಕನ್ನಡಿ ನೋಡುತ್ತಿರಲಿಲ್ಲ. ತಿರುಗುವ ಮೊದಲು ಇಂಡಿಕೇಟರ್ ಹಾಕುವುದೂ ಒಮ್ಮೊಮ್ಮೆ ಮರೆಯುತ್ತಿತ್ತು. ನಾನು ಹೇಳಿದಾಗಲೆಲ್ಲ ತಲೆಯಾಡಿಸಿ ಮತ್ತೆ ಮಾಡುತ್ತಿದ್ದರು. ಒಮ್ಮೆಯೂ ಬೇಜಾರು ಮಾಡಿಕೊಳ್ಳಲಿಲ್ಲ.

ಮಲ್ಲತ್ತಹಳ್ಳಿಯ ಟ್ರ್ಯಾಕು

ಮಾವನ ಈಗಿನ ವಿಳಾಸ ಜ್ಞಾನಭಾರತಿ ಆರ್‌ಟಿಓ ವ್ಯಾಪ್ತಿಗೆ ಬರುತ್ತದೆ, ಕೆಎ 41. ಅದರ ಟೆಸ್ಟ್ ಟ್ರ್ಯಾಕ್ ಇರುವುದು ಮಲ್ಲತ್ತಹಳ್ಳಿಯಲ್ಲಿ. 2004ರಲ್ಲಿ ಮಾವ ಟೆಸ್ಟ್ ಕೊಟ್ಟಾಗ ಬ್ರೇಕ್ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು, ಒಂದು ಸುತ್ತು ಹೊಡೆಸಿ, ಸರಿ ಇಳಿಯಿರಿ ಅಂದಿದ್ದರಂತೆ. ಈಗಿನದು ಆಟೋಮೇಟೆಡ್ ಟ್ರ್ಯಾಕ್. ಸೆನ್ಸರ್, ಕ್ಯಾಮೆರಾ ಇವೆ. ಗೆರೆ ಮುಟ್ಟಿದರೆ ಅದು ದಾಖಲಾಗುತ್ತದೆ.

ಟೆಸ್ಟ್ ಶುಲ್ಕ ಒಂದು ಥರದ ಗಾಡಿಗೆ 300 ರೂಪಾಯಿ. ತಡವಾದ ರಿನ್ಯೂವಲ್‌ಗೆ ವರ್ಷಕ್ಕೆ ಅಥವಾ ವರ್ಷದ ಭಾಗಕ್ಕೆ 1,000 ರೂಪಾಯಿ ಬೇರೆ.

ಜುಲೈ ಮೊದಲ ವಾರ ಹೋದೆವು. ಸ್ಕೂಟರ್ ಸಲೀಸಾಗಿ ಆಯಿತು, ಕಾಲು ನೆಲಕ್ಕೆ ತಾಗದ ಹಾಗೆ ತಿರುವುಗಳನ್ನೆಲ್ಲ ಮುಗಿಸಿದರು. ಕಾರಿನಲ್ಲಿ ಎಂಟು ಹಾಕಿದ್ದೂ ಚೆನ್ನಾಗಿತ್ತು. ರಿವರ್ಸ್ ಬಂದಾಗ ಹಳೇ ಅಭ್ಯಾಸ ಮರಳಿತು. ಗಾಬರಿಯಲ್ಲಿ ಹಿಂದಕ್ಕೆ ತಿರುಗಿದರು, ಎಡಗಡೆ ಚಕ್ರ ಗೆರೆ ಮುಟ್ಟಿತು. ಫೇಲ್.

ಮಾವ ಕಾರಿನಿಂದ ಇಳಿದು ಬರುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಸುತ್ತ ನಿಂತಿದ್ದವರೆಲ್ಲ ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು. ಅವರಲ್ಲೊಬ್ಬ ಹುಡುಗ, "ಅಂಕಲ್, ನನ್ದು ಎರಡನೇ ಸಲ. ಕನ್ನಡಿಯಲ್ಲಿ ಗೆರೆ ಕಾಣೋ ಹಾಗೆ ಕೆಳಗೆ ಬಗ್ಗಿಸ್ಕೊಳ್ಳಿ, ಅದೇ ಟ್ರಿಕ್ಕು" ಅಂದ. ಮಾವ ಅವನ ಹತ್ತಿರ ನಿಂತು ಹತ್ತು ನಿಮಿಷ ಕೇಳಿಸಿಕೊಂಡರು.

ಫೇಲಾದರೆ ಏಳು ದಿನ ಕಾಯಬೇಕು. ಮೂರು ಸಲ ಫೇಲಾದರೆ ಅರವತ್ತು ದಿನ. ಮುಂದಿನ ಭಾನುವಾರ ಬೆಳಗ್ಗೆ ಕೆಂಪೇಗೌಡ ಬಡಾವಣೆಯಲ್ಲಿ ಬರೀ ರಿವರ್ಸ್, ಎರಡು ಗಂಟೆ. ಕನ್ನಡಿ ಕೆಳಕ್ಕೆ ಬಗ್ಗಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಎರಡನೇ ಸಲ ಗೆರೆ ಮುಟ್ಟಲಿಲ್ಲ.

ಜುಲೈ ಕೊನೆಗೆ ಕಾರ್ಡು ಬಂತು. 2019ರ ತಿದ್ದುಪಡಿಯಾದ ಮೇಲೆ ಅವಧಿಯ ಲೆಕ್ಕವೇ ಬೇರೆ. ಮೂವತ್ತರೊಳಗೆ ಮಾಡಿಸಿದರೆ ನಲವತ್ತು ತುಂಬುವವರೆಗೆ. ಮೂವತ್ತರಿಂದ ಐವತ್ತರೊಳಗೆ ಮಾಡಿಸಿದರೆ ಹತ್ತು ವರ್ಷ. ಐವತ್ತು ದಾಟಿ ಐವತ್ತೈದರೊಳಗೆ ಇದ್ದರೆ ಅರವತ್ತು ತುಂಬುವವರೆಗೆ. ಐವತ್ತೈದು ದಾಟಿದ ಮೇಲೆ ಐದೈದು ವರ್ಷ. ಬಾಡಿಗೆ ಗಾಡಿ ಓಡಿಸುವವರ ಕಾರ್ಡಿನಲ್ಲಿ ಟ್ರಾನ್ಸ್‌ಪೋರ್ಟ್‌ಗೆ ಬೇರೆ ದಿನಾಂಕ ಇರುತ್ತದೆ, ಅದು ಐದೇ ವರ್ಷ. ಅವರು ಎರಡೂ ದಿನಾಂಕ ನೋಡಿಕೊಳ್ಳಬೇಕು. ಮಾವನಿಗೆ ಆಗ 51 ವರ್ಷ 11 ತಿಂಗಳು. ಹಾಗಾಗಿ ಅವರ ಹೊಸ ಕಾರ್ಡು 2032ರ ಆಗಸ್ಟ್‌ವರೆಗೆ ನಡೆಯುತ್ತದೆ. ಫೋನಿನ ಡಿಜಿಲಾಕರ್‌ಗೂ ಹಾಕಿಕೊಟ್ಟೆ. ಅದನ್ನು ತೋರಿಸಿದರೆ ಕಾನೂನಿನ ಪ್ರಕಾರ ಸಾಕು, ಕಾರ್ಡಿನ ಅಕ್ಷರ ಅಳಿಸುವ ಭಯವೂ ಇಲ್ಲ.

ಕಾರ್ಡು ಬಂದ ರಾತ್ರಿ ಅತ್ತೆ ಮನೆಯಲ್ಲಿದ್ದವರ ಲೈಸೆನ್ಸುಗಳನ್ನೆಲ್ಲ ಊಟದ ಮೇಜಿನ ಮೇಲೆ ಇಡಿಸಿದರು. ನನ್ನದು, ನನ್ನ ಅಮ್ಮನದು, ಮಾವನ ಮಗನದು. ಒಂದೊಂದರ ದಿನಾಂಕವನ್ನೂ ಮಾವ ಹೊಸ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು, ಅತ್ತೆ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಅಮ್ಮನ ಸ್ಕೂಟಿ ಲೈಸೆನ್ಸಿನ ಸರದಿ ಬಂದಾಗ ಮಾವ ಓದುವುದನ್ನು ನಿಲ್ಲಿಸಿದರು. "ಅಕ್ಕ, ನಿಂದು ಈ ನವೆಂಬರ್‌ಗೆ ಮುಗಿಯುತ್ತೆ" ಅಂದರು. ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದೆ.